ಇಳಿತದ ದಿಬ್ಬಕ್ಕೆ ಬಿದ್ದ ಬೆಳಗಿನ ಬಿಸಿಲು

ಕುಮಟೆಯ ನನ್ನ ಅಂಗಡಿಯಲ್ಲಿ ಗಿರಾಕಿಗಳಿಗೆಂದು ಎರಡು ಸ್ಟೂಲು ಇಟ್ಟಿದ್ದೇನೆ. ಇಪ್ಪತ್ತೆರಡು ವರ್ಷದಲ್ಲಿ ಭಟ್ಕಳದ ಹತ್ತಿರದ ಬೆಳಕೆ ಊರಿನ ಲಿಂಗಪ್ಪ ನಾಯ್ಕ ಒಮ್ಮೆಯೂ ಅವುಗಳ ಮೇಲೆ ನೆಟ್ಟಗೆ ಕೂತವನಲ್ಲ. ಕೂತ ಹಾಗೆ ಮಾಡುತ್ತಾನೆ, ಅಷ್ಟರಲ್ಲೇ ಏಳುತ್ತಾನೆ, ಬಾಗಿಲಿಗೆ ಹೋಗಿ ಆಕಾಶ ನೋಡುತ್ತಾನೆ, ಒಳಗೆ ಬಂದು ನಾನು ಕೊಯ್ಯುತ್ತಿರುವ ಗಾಜಿನ ಮೇಲೆಯೇ ಕೈ ಇಡುತ್ತಾನೆ. ಫೋಟೋಗಳಿಗೆ ಕಟ್ಟು ಹಾಕುವ ಕೆಲಸ ನನ್ನದು. ಗಾಜು ಕೊಯ್ಯುವಾಗ ಪಕ್ಕದಲ್ಲಿ ಹೀಗೊಬ್ಬ ಓಡಾಡುತ್ತಿದ್ದರೆ ಯಾರಿಗಾದರೂ ಮೈ ಉರಿಯುತ್ತದೆ.

"ಒಂದು ಕಡೆ ನಿಲ್ಲು ಮಾರಾಯ" ಎಂದು ಬೈದರೆ, "ಬಿಸಿಲು ನಿಲ್ತದನಾ ದಿನಕರ?" ಎಂದು ನನಗೇ ತಿರುಗಿ ಕೇಳುತ್ತಾನೆ. ಇಂಥವನಿಗೆ ಎಂತ ಹೇಳುವುದು?

ಲಿಂಗಪ್ಪ ಚಿತ್ರ ಬರೆಯುವವನು. ಹೊಳೆ, ಕಡಲು, ಗದ್ದೆ, ಗುಡ್ಡ, ಅವುಗಳ ಮೇಲಿನ ಬಿಸಿಲು. ಇದ್ದದ್ದು ಇದ್ದ ಹಾಗೆ ಬರೆಯುತ್ತಾನೆ. ಅವನ ಚಿತ್ರದಲ್ಲಿ ಗದ್ದೆ ಇದ್ದರೆ ಅದು ನಾಟಿಯಾಗಿ ಎಷ್ಟು ದಿನವಾಯಿತು ಎಂದು ಗದ್ದೆ ಮಾಡುವವರು ಹೇಳಬಲ್ಲರು. ಹಾಗಂತ ಅವನೇನೂ ಶಾಲೆಯಲ್ಲಿ ಕಲಿತವನಲ್ಲ. ಹದಿನಾಲ್ಕನೇ ವಯಸ್ಸಿಗೆ ದೋಣಿಗಳ ಮೇಲೆ ಹೆಸರು ಬರೆಯಲು ಹೋದ. ಆಮೇಲೆ ಭಟ್ಕಳದಲ್ಲಿ ಅಂಗಡಿ ಬೋರ್ಡು. ಕನ್ನಡ, ಇಂಗ್ಲಿಷು, ಉರ್ದು ಮೂರನ್ನೂ ಬರೆಯುತ್ತಿದ್ದ. ಉರ್ದು ಓದಲು ಒಂದಕ್ಷರ ಬಾರದು, ಆದರೆ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ನೋಡಿ ಎಲೆ ಬಳ್ಳಿ ಬರೆದ ಹಾಗೆ ಬರೆದುಬಿಡುತ್ತಿದ್ದ. ಅಂಗಡಿಯವರು ಬಂದು ಚುಕ್ಕಿ ಎಣಿಸಿ ನೋಡಿ, ಒಂದೂ ತಪ್ಪಿಲ್ಲ ಎಂದು ತಲೆದೂಗುತ್ತಿದ್ದರಂತೆ. ಫ್ಲೆಕ್ಸ್ ಬಂತು, ಬೋರ್ಡು ಹೋಯಿತು. ಕೆಲವು ವರ್ಷ ಮನೆಗಳಿಗೆ ಬಣ್ಣ ಬಳಿದ. ಗೋಡೆಗೆ ಬಣ್ಣ ಬಳಿಯುತ್ತ ಕಿಟಕಿಯಲ್ಲಿ ಕಂಡ ಗುಡ್ಡವನ್ನು ಅದೇ ಗೋಡೆಯ ಮೂಲೆಯಲ್ಲಿ ಬರೆದು ಎರಡು ಕಡೆ ಕೆಲಸ ಕಳೆದುಕೊಂಡ. ಮೂರನೇ ಕಡೆ ಮಾತ್ರ ಮನೆಯವರು ಅದನ್ನು ಹಾಗೆಯೇ ಇಟ್ಟುಕೊಂಡು, ಇನ್ನೊಂದು ಗೋಡೆಗೂ ಬರೆಸಿದರು. ಅಲ್ಲಿಂದ ಇದೇ ಕೆಲಸ.

ಅವನ ಹೆಂಡತಿ ಉಮಾ ನನ್ನ ಹತ್ತಿರ ಗೋಳು ಹೇಳಿಕೊಳ್ಳುವುದುಂಟು. "ಇವ್ರು ಕಾಲಿಗೆ ಚಕ್ರ ಕಟ್ಕಂಡೇ ಹುಟ್ಟಿದ್ರು ಅಣ್ಣಾ. ಅನ್ನ ಬಡ್ಸಿ ಸಾರು ತರುದ್ರೊಳಗೆ ಎದ್ದು ಹೋಗಿರ್ತರು." ಉಮಾ ಸುಳ್ಳು ಹೇಳುವ ಹೆಂಗಸಲ್ಲ. ಒಮ್ಮೆ ನನ್ನ ಜೊತೆ ಭಟ್ಕಳಕ್ಕೆ ಬಸ್ಸಿನಲ್ಲಿ ಹೊರಟವನು ಹೊನ್ನಾವರದ ಸೇತುವೆ ದಾಟುತ್ತಲೇ "ಹೋಲ್ಡಾನ್, ಹೋಲ್ಡಾನ್" ಎಂದು ಕೂಗಿ ಇಳಿದೇಬಿಟ್ಟ. ಶರಾವತಿಯ ನೀರಿಗೆ ಯಾವುದೋ ಒಂದು ಬಣ್ಣ ಬಂದಿತ್ತಂತೆ. ಅವನ ಚೀಲ, ಊಟದ ಡಬ್ಬಿ, ಚಪ್ಪಲಿ ಸಹ ಬಸ್ಸಿನಲ್ಲೇ ಉಳಿದವು. ನಾನು ಅದನ್ನೆಲ್ಲ ಹೊತ್ತುಕೊಂಡು ಬೆಳಕೆಗೆ ಹೋಗಿ ಉಮಾಳಿಂದ ನಾಲ್ಕು ಮಾತು ಕೇಳಬೇಕಾಯಿತು. ಚಪ್ಪಲಿ ಬಿಟ್ಟು ಇಳಿಯುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವನಿಗೆ ಎರಡು ಹಟ. ಒಂದು, ಫೋಟೋ ನೋಡಿ ಬರೆಯುವುದಿಲ್ಲ. "ನಾ ಕಣ್ಣಾರೆ ಕಂಡದ್ದೇ ಬರಿಯುದು. ಕಾಣದ್ದು ಬರಿಯುದಾದ್ರೆ ನಂಗೆ ಕಣ್ಣು ಎಂತಕ್ಕೆ?" ಎನ್ನುತ್ತಿದ್ದ. ಮೊಬೈಲು ಹಿಡಿದು ಬರೆಯುವವರನ್ನು ಕಂಡರೆ ಅವನಿಗೆ ಆಗದು. ಎದುರಿಗೇ ಆಡಿಬಿಡುತ್ತಿದ್ದ. ಇನ್ನೊಂದು, ಸೂರ್ಯ ಮುಳುಗುವುದನ್ನು ಬರೆಯುವುದಿಲ್ಲ. ಅದು ಕ್ಯಾಲೆಂಡರಿನವರ ಕೆಲಸವಂತೆ. ಕಡಲ ದಂಡೆಯವನಿಗೆ ಸಂಜೆಯ ಬೆಳಕೇ ಬೇಡ ಎಂದರೆ ಏನು ಕತೆ! ಮುರ್ಡೇಶ್ವರಕ್ಕೆ ಬರುವ ಪ್ರವಾಸಿಗಳು ಕೇಳುವುದೇ ಅದನ್ನು. ಇವನು ಕೊಡುವುದಿಲ್ಲ. ಹಾಗಾಗಿ ಇವನ ಚಿತ್ರಗಳು ಲಾಡ್ಜಿನ ಕೋಣೆಗಳಲ್ಲಿ, ಡಾಕ್ಟರರ ಹೊರಕೋಣೆಯಲ್ಲಿ, ಯಾರದ್ದೆಂದು ಯಾರಿಗೂ ಗೊತ್ತಿಲ್ಲದೆ ನೇತಾಡುತ್ತಿದ್ದವು. ಎಲ್ಲಿಯೂ ಅವನ ಹೆಸರು ಇರಲಿಲ್ಲ. ಇದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಅರವತ್ತಮೂರು ತುಂಬಿದ ಮೇಲೆ ಒಮ್ಮೆ ಬಾಯಿಬಿಟ್ಟು ಹೇಳಿದ: "ಒಂದೇ ಒಂದು, ನಾಕು ಜನ ನೋಡುವಲ್ಲಿ, ಕೆಳಗೆ ನನ್ನ ಹೆಸರಿದ್ದು, ಸಾಯುದ್ರೊಳಗೆ ಆದ್ರೆ ಸಾಕು."

ಅದು ಕಳೆದ ವರ್ಷ ಸಂಕ್ರಾಂತಿ ಆದ ಮೇಲೆ ಕೂಡಿಬಂತು. ಹೊನ್ನಾವರದ ಹೊಳೆ ದಂಡೆಯಲ್ಲಿ ಸುಜಯ ಎಂಬ ಹುಡುಗ ರೆಸಾರ್ಟ್ ಕಟ್ಟಿಸುತ್ತಿದ್ದ. ಘಟ್ಟದ ಮೇಲಿನ ಊರಿನ ತೋಟದ ಮನೆತನದವನು, ಇಂಜಿನಿಯರು, ಒಳ್ಳೆಯ ಹುಡುಗ. ಅವನ ಅಜ್ಜನ ಫೋಟೋಕ್ಕೆ ಕಟ್ಟು ಹಾಕಿಸಲು ನನ್ನಲ್ಲಿಗೆ ಬಂದಾಗ, ಗೋಡೆಗೆ ಒರಗಿಸಿಟ್ಟ ಲಿಂಗಪ್ಪನ ಚಿತ್ರ ನೋಡಿ ನಿಂತ. ಅವನ ರೆಸಾರ್ಟಿನ ದೊಡ್ಡ ಹಾಲಿಗೆ ಆರಡಿ ಅಗಲದ ಒಂದು ಚಿತ್ರ ಬೇಕಿತ್ತು. ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆ, ಅಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರು, ಬೆಳಗಿನ ಬಿಸಿಲು.

"ಬಾಗಿಲು ತೆಗೆದು ಒಳಗೆ ಬಂದ ಕೂಡ್ಲೆ ಆ ಬಿಸಿಲು ಮುಖಕ್ಕೆ ಹೊಡಿಬೇಕು" ಎಂದ ಸುಜಯ, ಅಲ್ಲೇ ಇದ್ದ ಲಿಂಗಪ್ಪನಿಗೆ. "ಕೆಳಗೆ ಹಿತ್ತಾಳೆ ಫಲಕದಲ್ಲಿ ನಿಮ್ಮ ಹೆಸರು ಹಾಕ್ಸ್ತೆ. ಯುಗಾದಿ ದಿನ ಉದ್ಘಾಟನೆ."

ಲಿಂಗಪ್ಪ ಅಂದು ನನ್ನ ಅಂಗಡಿಯ ಮುಂದೆ ಎಷ್ಟು ಸಲ ಆಚೆ ಈಚೆ ತಿರುಗಿದನೋ ದೇವರೇ ಬಲ್ಲ.

ಅಘನಾಶಿನಿಯಲ್ಲಿ ಅವನಿಗೆ ಗುರುತಿನವರೆಂದರೆ ದುರ್ಗಿ. ಕುಮಟೆಯ ಪೇಟೆಗೆ ಬಳಚು ತಂದು ಮಾರುವವಳು, ನನ್ನ ಅಂಗಡಿಯ ಜಗುಲಿಯಲ್ಲಿ ಬುಟ್ಟಿ ಇಳಿಸಿ ನೀರು ಕುಡಿದು ಹೋಗುವವಳು. ಮಾತು ಖಡಕ್ಕು, ಅಳತೆ ಧಾರಾಳ. ಅವಳ ತಾಯಿ ಸಣ್ಣಮ್ಮನಿಗೆ ಎಪ್ಪತ್ತು ದಾಟಿದೆ. ಐವತ್ತು ವರ್ಷಕ್ಕಿಂತ ಹೆಚ್ಚು ಕಾಲ ಆ ಹೊಳೆಯಲ್ಲಿ ಬಳಚು ಹೆಕ್ಕಿದ್ದಾಳೆ. ಮಂಡಿ ಎರಡೂ ಹೋಗಿವೆ. ನೀರಿಗೆ ಇಳಿಯಬೇಡ ಎಂದು ಡಾಕ್ಟರು ಹೇಳಿ ವರ್ಷವಾದರೂ ಮುದುಕಿ ಕೇಳಿರಲಿಲ್ಲ. ಶಿವರಾತ್ರಿ ಅಮಾವಾಸ್ಯೆಗೆ ನೀರು ಇಳಿಯುವ ಆ ಇಳಿತವೇ ಕೊನೆ, ಅದಾದ ಮೇಲೆ ಬಿಟ್ಟೆ ಎಂದು ಮಗಳಿಗೆ ಭಾಷೆ ಕೊಟ್ಟಿದ್ದಳು.

ಇದು ಗೊತ್ತಾದ ಕೂಡಲೇ ಲಿಂಗಪ್ಪ ಅವಳಿಗೆ ಮಾತು ಕೊಟ್ಟ. "ಅಮ್ಮಾ, ನಿಮ್ಮನ್ನೇ ನಡೂ ನಿಲ್ಸಿ ಬರಿತೆ. ಬಂದವರೆಲ್ಲ ನೋಡುವಲ್ಲಿ ಇರ್ತದೆ."

ಸಣ್ಣಮ್ಮ ನಕ್ಕಳಂತೆ. "ಬರಿ ತಮಾ. ಆಧಾರ್ ಕಾರ್ಡಲ್ಲಿ ನಾ ಕದ್ದು ಸಿಕ್ಕಿಬಿದ್ದವಳ ಹಾಂಗೆ ಕಾಣ್ತೆ. ಅದು ಬಿಟ್ರೆ ನಂದೊಂದು ಫೋಟೋ ಇಲ್ಲ."

ಶಿವರಾತ್ರಿ ಅಮಾವಾಸ್ಯೆಯ ಎರಡು ಸಂಜೆ ಲಿಂಗಪ್ಪ ಅಲ್ಲಿಗೆ ಹೋದ. ಅಲ್ಲಿಯ ಲೆಕ್ಕ ಹೀಗೆ: ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಜೋರು. ನೀರು ದೂರ ಹಿಂದೆ ಸರಿದು ಅಳಿವೆಯ ನಡುವೆ ಒಂದು ಮರಳ ದಿಬ್ಬ ಏಳುತ್ತದೆ. ಉಳಿದ ದಿನಗಳಲ್ಲಿ ಅದು ಕಾಣುವುದೇ ಇಲ್ಲ. ಆ ದಿಬ್ಬದ ಬಳಚು ದೊಡ್ಡದು, ಹಾಗಾಗಿ ಹೆಂಗಸರೆಲ್ಲ ಅಲ್ಲಿಗೆ ನಡೆಯುತ್ತಾರೆ. ಲಿಂಗಪ್ಪ ಅವರ ಜೊತೆ ಸೊಂಟಮಟ್ಟದ ನೀರಿನಲ್ಲಿ ನಡೆದು ದಿಬ್ಬ ಹತ್ತಿ, ಪೆನ್ಸಿಲಿನಲ್ಲಿ ಗೀಚಿದ್ದೇ ಗೀಚಿದ್ದು. ಬಗ್ಗಿದ ಬೆನ್ನು, ಮರಳಲ್ಲಿ ತಡವುವ ಕೈ, ಸೊಂಟಕ್ಕೆ ಸಿಕ್ಕಿಸಿದ ಸೀರೆ. ಸಣ್ಣಮ್ಮನದ್ದೇ ಹನ್ನೊಂದು ಹಾಳೆ. ಆದರೆ ಬೆಳಕು ಅವನಿಗೆ ಸೇರಲಿಲ್ಲ. ಸೂರ್ಯ ಕಡಲ ಮೇಲೆ ಇಳಿಯುತ್ತಿದ್ದ, ನೀರೆಲ್ಲ ಕಣ್ಣಿಗೆ ಚುಚ್ಚುತ್ತಿತ್ತು, ಹೆಂಗಸರು ಕಪ್ಪಾಗಿ ಕಾಣುತ್ತಿದ್ದರು. ಸಿಟ್ಟು ಮಾಡಿಕೊಂಡು ವಾಪಸು ಬಂದ.

ಮತ್ತೆ ಹೋಳಿ ಹುಣ್ಣಿಮೆಗೆ ಬೆಳಿಗ್ಗೆ ಹೋಗಿ ಮೂರು ದಿನ ದಂಡೆಯ ಮೇಲೆ ನಿಂತ. ಬೆಳಗಿನ ಹತ್ತರ ಬಿಸಿಲು, ಘಟ್ಟದ ಕಡೆಯಿಂದ ಹೊಳೆಯುದ್ದಕ್ಕೂ ಹಾಸಿ ಬಂದದ್ದು. ಅದನ್ನು ಬಣ್ಣದಲ್ಲೇ ಬರೆದುಕೊಂಡ. ತಂದು ತೋರಿಸಿದಾಗ ನಾನು ಸಹ ಬಾಯಿ ಮುಚ್ಚಿಕೊಂಡೆ, ಅಷ್ಟು ಚೆನ್ನಾಗಿತ್ತು. ಎರಡನ್ನೂ ಸೇರಿಸಿ ದೊಡ್ಡ ಚಿತ್ರ ಶುರು ಮಾಡಿದ. ಹೆಂಗಸರು ಸಂಜೆಯವರು, ಬಿಸಿಲು ಬೆಳಗಿನದು.

"ಇದು ನಿನ್ನ ಹಟಕ್ಕೆ ಸರಿ ಹೋಗ್ತದನಾ?" ಎಂದು ನಾನು ಕೆಣಕಿದೆ.

"ಎರಡೂ ನಾ ಕಣ್ಣಾರೆ ಕಂಡದ್ದೇ ಅಲ್ದ?" ಎಂದ. ಆದರೆ ಹಾಗೆನ್ನುವಾಗ ನನ್ನ ಮುಖ ನೋಡಲಿಲ್ಲ.

ದುರ್ಗಿ ವಾರಕ್ಕೆರಡು ಸಲ ಕೇಳುತ್ತಿದ್ದಳು. "ದಿನಕರಣ್ಣಾ, ಚಿತ್ರ ಆತಾ? ಅವ್ವಿ ದಿನಾ ಕೇಳಿ ಕೇಳಿ ನನ್ನ ಜೀವ ತಿಂತದೆ. ಉದ್ಘಾಟನೆಗೆ ಉಡ್ಲಿಕ್ಕೆ ಹಸಿರು ಸೀರೆ ತೆಗ್ದು ಬಿಸಿಲಿಗೆ ಹಾಕಿ ಇಟ್ಟದೆ." ನೀರಿಗೆ ಇಳಿಯುವುದು ಬಿಟ್ಟ ಮೇಲೆ ಸಣ್ಣಮ್ಮನಿಗೆ ಮನೆಯಲ್ಲಿ ಹೊತ್ತೇ ಹೋಗುತ್ತಿರಲಿಲ್ಲವಂತೆ. ಇದೊಂದೇ ಧ್ಯಾನ.

ಯುಗಾದಿಗೆ ಐದು ದಿನವಿರುವಾಗ ಚಿತ್ರ ಕಟ್ಟು ಹಾಕಲು ನನ್ನಲ್ಲಿಗೆ ಬಂತು. ಗೋಡೆಗೆ ಒರಗಿಸಿ ನೋಡಿದೆವು. ಏನು ಹೇಳಲಿ! ಒದ್ದೆ ಮರಳಿನ ದಿಬ್ಬ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಏಳು ಜನ ಹೆಂಗಸರು, ನಡುವೆ ಸಣ್ಣಮ್ಮ. ಬಗ್ಗಿದವಳು ಈಗಷ್ಟೇ ತಲೆ ಎತ್ತಿ ಯಾರನ್ನೋ ನೋಡುತ್ತಿದ್ದಳು. ಕೆನ್ನೆಯ ಮೇಲೆ ಬಿಸಿಲು, ಅವರೆಲ್ಲರ ನೆರಳು ಕಡಲಿನ ಕಡೆಗೆ ಬಿದ್ದಿತ್ತು. ದಾರಿಯಲ್ಲಿ ಹೋಗುವವರು ಒಳಗೆ ಬಂದು ನೋಡಿ ಹೋದರು. ಬ್ಯಾಂಕಿನ ಮೇಡಂ ಒಬ್ಬರು ಕಣ್ಣು ಒರೆಸಿಕೊಂಡರು. ಲಿಂಗಪ್ಪ ಬೀಗುತ್ತ, ಬಾಗಿಲಿಂದ ಚಿತ್ರಕ್ಕೆ, ಚಿತ್ರದಿಂದ ಬಾಗಿಲಿಗೆ ನಡೆಯುತ್ತಲೇ ಇದ್ದ.

ಹನ್ನೊಂದು ಗಂಟೆಗೆ ದುರ್ಗಿ ಬುಟ್ಟಿ ಇಳಿಸಿ ಒಳಗೆ ಬಂದಳು.

"ಅಯ್ಯೋ, ಅವ್ವಿ!" ಎಂದು ಕೂಗಿಯೇಬಿಟ್ಟಳು. "ಇದು ಅವ್ವಿನೇ! ಮೂಗು ನೋಡು, ಕುತ್ತಿಗೆ ನೋಡು! ಲಿಂಗಪ್ಪಣ್ಣಾ, ನಿಮ್ಮ ಕೈಯ ಹಿಡ್ದು ಕಣ್ಣಿಗೆ ಒತ್ಕಳ್ಬೇಕು!" ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಮತ್ತೆ ಸ್ವಲ್ಪ ಹಿಂದೆ ಸರಿದು ನೋಡಿದಳು. ನಗು ಹಾಗೇ ನಿಂತಿತು.

"ಇದು ಎಷ್ಟು ಗಂಟೆ ಬಿಸಿಲು?"

"ಬೆಳಿಗ್ಗೆ ಹತ್ತು" ಎಂದ ಲಿಂಗಪ್ಪ.

"ಬೆಳಿಗ್ಗೆ ಹತ್ತಕ್ಕೆ ದಿಬ್ಬ ಎಲ್ಲಿಂದ ಬತ್ತದೆ?"

ನನಗೆ ಅರ್ಥವಾಗಲಿಲ್ಲ. ಅವನಿಗೆ ಆಯಿತು ಎಂದು ಕಾಣುತ್ತದೆ, ನಡೆಯುವುದು ನಿಂತಿತ್ತು. ದುರ್ಗಿ ನನ್ನ ಕಡೆ ತಿರುಗಿ ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. "ದಿನಕರಣ್ಣಾ, ಆ ದಿಬ್ಬ ಏಳುದು ಅಮಾಸೆ ಹುಣ್ಣಿಮೆ ಇಳಿತಕ್ಕೆ ಮಾತ್ರ. ಆ ಇಳಿತ ಬರುದು ಸಂಜೆ ಐದಕ್ಕೆ. ಇಲ್ಲದಿದ್ರೆ ಬೆಳಗಾಗುದ್ರೊಳಗೆ. ಸೂರ್ಯ ಗುಡ್ಡ ಹತ್ತುವಷ್ಟರಲ್ಲಿ ದಿಬ್ಬ ಮುಳುಗಿ ಆಯ್ತದೆ. ಹತ್ತು ಗಂಟೆಗೆ ಅಲ್ಲಿ ಆಳು ಮುಳುಗುವಷ್ಟು ಭರತ. ಬೇರೆ ದಿನ ಹತ್ತು ಗಂಟೆಗೆ ಇಳಿತ ಬತ್ತದೆ, ಆದ್ರೆ ದಿಬ್ಬ ಏಳುದಿಲ್ಲ. ಆ ದಿಬ್ಬಕ್ಕೆ ಹತ್ತರ ಬಿಸಿಲು ಬಿದ್ದದ್ದೇ ಇಲ್ಲ. ನಮ್ಮ ನೆರಳು ಯಾವಾಗ್ಲೂ ಘಟ್ಟದ ಬದಿಗೇ ಬೀಳುದು. ಇಲ್ಲಿ ಕಡಲ ಬದಿಗೆ ಬಿದ್ದದೆ."

ಇಷ್ಟು ಹೇಳಿ ಚಿತ್ರದ ಸಣ್ಣಮ್ಮನನ್ನು ಮತ್ತೆ ನೋಡಿದಳು. "ಈ ಹೊತ್ತಲ್ಲಿ ಅವ್ವಿ ಅಲ್ಲಿ ನಿಂತ್ರೆ ಮುಳುಗಿ ಸಾಯ್ತದೆ ಲಿಂಗಪ್ಪಣ್ಣಾ. ಬಿಸಿಲೊಂದು ಸರಿ ಮಾಡಿ. ಅವ್ವಿ ಅದನ್ನೇ ಮೊದ್ಲು ನೋಡುದು." ಬುಟ್ಟಿ ಎತ್ತಿಕೊಂಡು ಹೋದಳು.

ಲಿಂಗಪ್ಪನ ಮುಖ ನೋಡಲಾಗುತ್ತಿರಲಿಲ್ಲ. ಜನ್ಮವಿಡೀ ಇದ್ದದ್ದು ಇದ್ದ ಹಾಗೆ ಎಂದು ಎದೆ ತಟ್ಟಿಕೊಂಡವನು, ಹೆಸರು ಹಾಕಿಸುವ ಒಂದೇ ಒಂದು ಚಿತ್ರದಲ್ಲಿ ಇಲ್ಲದ್ದನ್ನು ಬರೆದಿದ್ದ. ಅದೂ ಕಡಲ ದಂಡೆಯಲ್ಲಿ ಹುಟ್ಟಿದವನು. ಬೆಳಕೆಯಲ್ಲಿ ತೆರೆದ ಕಡಲು, ನೀರು ನಾಲ್ಕು ಮಾರು ಮುಂದೆ ಬಂತು, ನಾಲ್ಕು ಮಾರು ಹಿಂದೆ ಹೋಯಿತು, ಅಷ್ಟೇ. ಅಳಿವೆಯ ಲೆಕ್ಕ ಅವನ ತಲೆಗೆ ಹೊಳೆದಿರಲಿಲ್ಲ. ಮೂರು ದಿನ ಬೆಳಿಗ್ಗೆ ತುಂಬು ಭರತವನ್ನೇ ನೋಡುತ್ತ ನಿಂತಿದ್ದರೂ, ಬೆಳಕಿನ ಗುಂಗಿನಲ್ಲಿ, ದಿಬ್ಬ ಕಾಣುತ್ತಿಲ್ಲ ಎಂಬುದನ್ನು ಅವನು ಯೋಚಿಸಿರಲಿಲ್ಲ. ಇಲ್ಲವೇ ಯೋಚಿಸಿಯೂ ತಳ್ಳಿಬಿಟ್ಟಿದ್ದನೋ ಏನೋ. ನಾನು ಕೇಳಲಿಲ್ಲ.

ಸುಜಯನಿಗೆ ಫೋನು ಮಾಡಿದ. ಯುಗಾದಿ ದಾಟಿ ಒಂದು ತಿಂಗಳು ಕೊಡಿ, ಸಂಜೆಯ ಬೆಳಕಿನಲ್ಲಿ ಮತ್ತೆ ಬರೆಯುತ್ತೇನೆ ಎಂದ. ಸುಜಯ ಆಚೆಯಿಂದ, "ಅದು ಯಾರಿಗೆ ಗೊತ್ತಾಗ್ತದೆ ಲಿಂಗಪ್ಪನವ್ರೆ? ಬರುವವ್ರೆಲ್ಲ ದೂರದೂರಿನವ್ರು. ಫಲಕ ಸಹ ಆಗಿ ಬಂದಾತು" ಎಂದ. ತಪ್ಪೇನಿಲ್ಲ ಅವನ ಮಾತಿನಲ್ಲಿ. ಕಾರ್ಡು ಹಂಚಿದ್ದಾನೆ, ಜನ ಬರುತ್ತಾರೆ, ಗೋಡೆ ಖಾಲಿ ಇಡಲು ಆಗುತ್ತದೆಯೇ?

"ದುರ್ಗಿಗೆ ಗೊತ್ತಾಗ್ತದೆ. ಸಣ್ಣಮ್ಮಂಗೆ ಗೊತ್ತಾಗ್ತದೆ" ಎಂದು ಲಿಂಗಪ್ಪ ಫೋನು ಇಟ್ಟು ನನ್ನೆದುರು ಕೂಗಾಡಿದ. "ನಾ ಹೆಸರು ಹಾಕಿ ಸುಳ್ಳು ನೇತು ಹಾಕ್ಲನಾ?" ಹೊರಗೆ ಹೋದ, ಬಂದ, ಮತ್ತೆ ಹೋದ. ಮಧ್ಯಾಹ್ನ ಊಟ ಮಾಡಲಿಲ್ಲ. ಕುಂಚ ತೆಗೆದು ನೆರಳು ತಿರುಗಿಸಲು ನೋಡಿದ. ನೆರಳು ತಿರುಗಿಸಿದರೆ ಕೆನ್ನೆಯ ಬಿಸಿಲು ತಿರುಗಬೇಕು, ನೀರು ತಿರುಗಬೇಕು, ಗುಡ್ಡ ಆಕಾಶ ಎಲ್ಲ ತಿರುಗಬೇಕು. ಐದು ದಿನದಲ್ಲಿ ಆಗುವ ಮಾತಲ್ಲ. ಮಾರನೇ ದಿನವೂ ಅದೇ ಪರದಾಟ. ನನ್ನ ಬೇರೆ ಕೆಲಸವೆಲ್ಲ ನಿಂತು, ನನ್ನ ತಲೆ ಕೆಟ್ಟು ಕೆರ ಹಿಡಿಯಿತು.

ಆಗ ನಾನೇ ಆ ಮಾತು ಹೇಳಿದ್ದು. ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ.

"ಬಿಸಿಲು ಸರಿ ಇದೆ ಅಲ್ದ? ಬಿಸಿಲು ಹಾಂಗೇ ಇರ್ಲಿ. ದಿಬ್ಬ ಮುಚ್ಚು, ಭರತ ತುಂಬ್ಸು, ಹೆಂಗಸ್ರನ್ನ ತೆಗಿ. ಹತ್ತು ಗಂಟೆಗೆ ಅಲ್ಲಿ ಕಾಣುದು ಅಷ್ಟೇ. ಒಂದು ಸುಳ್ಳಿಲ್ಲ. ಎರಡು ದಿನದ ಕೆಲ್ಸ."

ಅವನು ನನ್ನನ್ನೇ ನೋಡಿದ. "ಸಣ್ಣಮ್ಮ?"

"ಅವರದ್ದು ಬೇರೆ ಒಂದು ಬರ್ದು ಕೊಡು ಮಾರಾಯ. ಹೊನ್ನಾವರದ ತನಕ ಆ ಮಂಡಿ ತಕಂಡು ಅವರು ಬತ್ತರನಾ? ಮತ್ತೆ ನಿಧಾನಕ್ಕೆ ಹೇಳಿದ್ರೆ ಆತು."

ಅವನು ಬಾಗಿಲಿಗೆ ಹೋಗಿ ಆಕಾಶ ನೋಡಿ ಬಂದ. ಅವನಿಗೆ ಬೇಕಾಗಿದ್ದೂ ಅದೇ ಎಂದು ನನಗೆ ಈಗ ಅನ್ನಿಸುತ್ತದೆ. ಆ ಬೆಳಕನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಹೆಸರನ್ನೂ ಬಿಡಲು ಆಗುತ್ತಿರಲಿಲ್ಲ. ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದ, ನಾನು ಹೇಳಿದೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ದಿನ ಬರೆದ. ಅವನದು ಬೇಗ ಒಣಗುವ ಆಕ್ರಿಲಿಕ್ ಬಣ್ಣ, ಒಂದರ ಮೇಲೊಂದು ಬಳಿಯಬಹುದು. ಮೊದಲು ದಿಬ್ಬದ ಅಂಚು ಮುಳುಗಿತು, ಆಮೇಲೆ ಒಬ್ಬೊಬ್ಬರೇ ಹೆಂಗಸರು. ಕೊನೆಗೆ ಸಣ್ಣಮ್ಮ ಒಬ್ಬಳೇ ಉಳಿದಳು, ತುಂಬಿದ ನೀರಿನ ನಡುವೆ ತಲೆ ಎತ್ತಿ ನೋಡುತ್ತ. ಲಿಂಗಪ್ಪ ಚಿತ್ರವನ್ನು ತಲೆಕೆಳಗು ಮಾಡಿ ಇಟ್ಟುಕೊಂಡು ಅವಳನ್ನು ಮುಚ್ಚಿದ. ನಾನು ಚಾ ತಂದವನು ಅದನ್ನು ನೋಡಿ ಹಾಗೆಯೇ ಹೊರಗೆ ಬಂದೆ. ಸುಮ್ಮನೆ ಮೊಳೆಗಳನ್ನು ಡಬ್ಬಿಯಿಂದ ಡಬ್ಬಿಗೆ ಸುರಿಯುತ್ತ ಕೂತೆ.

ಆ ನಾಲ್ಕು ದಿನ ದುರ್ಗಿ ಪೇಟೆಗೆ ಬರಲಿಲ್ಲ. ಬಂದಿದ್ದರೆ ಹೇಳುತ್ತಿದ್ದೆವು ಎಂದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡೆವು. ಅವಳ ಮೊಬೈಲ್ ನಂಬರು ನನ್ನ ಹತ್ತಿರವೇ ಇತ್ತು.

ಯುಗಾದಿಯ ದಿನ ಹನ್ನೊಂದಕ್ಕೆ ಹೊನ್ನಾವರ ಮುಟ್ಟಿದೆವು. ಕ್ಯಾನ್ವಾಸಿಗೆ ಗಾಜು ಹಾಕುವುದಿಲ್ಲ, ಸಾಗುವಾನಿ ಕಟ್ಟು ಮಾತ್ರ ಹಾಕಿದ್ದೆ. ಹಾಲಿನ ಎದುರು ಗೋಡೆಯಲ್ಲಿ ಚಿತ್ರ ಧಗಧಗಿಸುತ್ತಿತ್ತು. ಖಾಲಿ ನೀರು, ಅದರ ಮೇಲೆ ಬೆಳಗಿನ ಬಿಸಿಲು. ಕೆಳಗೆ ಹಿತ್ತಾಳೆಯಲ್ಲಿ "ಲಿಂಗಪ್ಪ ನಾಯ್ಕ, ಬೆಳಕೆ". ಉಮಾ ಆ ಫಲಕವನ್ನು ಸೆರಗಿನಲ್ಲಿ ಒರೆಸಿದಳು. ಮೊದಲಿನದನ್ನು ಮೊಬೈಲಿನಲ್ಲಿ ನೋಡಿದ್ದ ಸುಜಯ ಬಂದು, "ಮೊದ್ಲಿಗಿಂತ ಇದೇ ಚೊಲೋ ಆತು. ಶಾಂತಿ ಇದೆ ಇದರಲ್ಲಿ" ಎಂದು ಕೈ ಕುಲುಕಿದ. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಲಿಂಗಪ್ಪ ಮಾತ್ರ ಬಾಗಿಲ ಕಡೆಯೇ ನೋಡುತ್ತಿದ್ದ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಹನ್ನೆರಡಕ್ಕೆ ಅವರು ಬಂದರು. ದುರ್ಗಿ ತಾಯಿಯ ರಟ್ಟೆ ಹಿಡಿದಿದ್ದಳು. ಎರಡು ಬಸ್ಸು, ಒಂದು ರಿಕ್ಷಾ ಹತ್ತಿ ಇಳಿದು, ಸಣ್ಣಮ್ಮ ಆ ಹಸಿರು ಸೀರೆಯಲ್ಲಿ, ಮುಡಿಗೆ ಅಬ್ಬಲಿಗೆ ಮುಡಿದು, ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ನನಗೆ ನನ್ನ ನಾಲಿಗೆಯನ್ನು ಕಿತ್ತು ಬಿಸಾಡಬೇಕು ಎನ್ನಿಸಿತು.

ಸಣ್ಣಮ್ಮ ಚಿತ್ರದ ಹತ್ತಿರ ಹೋಗಿ ನಿಂತಳು. ಎಡದ ತುದಿಯಿಂದ ಶುರು ಮಾಡಿ ಬಲದ ತುದಿಯವರೆಗೆ ನೋಡಿದಳು. ಮತ್ತೆ ಎಡಕ್ಕೆ ಬಂದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ದುರ್ಗಿ, ನನ್ನ ಕಣ್ಣು ಹೋತು ಕಾಣ್ತದೆ. ನಾ ಎಲ್ಲಿದ್ದೆ, ತೋರ್ಸೆ."

ದುರ್ಗಿ ಚಿತ್ರ ನೋಡಲಿಲ್ಲ, ಲಿಂಗಪ್ಪನನ್ನು ನೋಡಿದಳು. "ನಾ ಬಿಸಿಲು ಸರಿ ಮಾಡಿ ಅಂದೆ. ನಮ್ಮನ್ನ ಅಳ್ಸಿ ಅಂದೆನಾ?"

ಸುತ್ತ ನಿಂತವರು ನಮ್ಮ ಕಡೆ ನೋಡತೊಡಗಿದರು. ಉಮಾಳಿಗೆ ಏನೂ ಗೊತ್ತಿರಲಿಲ್ಲ, ಅವಳು ಗಂಡನ ಮುಖ, ನನ್ನ ಮುಖ ನೋಡುತ್ತಿದ್ದಳು. ನಾನಾದರೂ ಹೇಳಬೇಕಿತ್ತು, ಇದು ನನ್ನ ಉಪದೇಶ ಎಂದು. ಹೇಳಲಿಲ್ಲ.

ಸಣ್ಣಮ್ಮನಿಗೆ ಅರ್ಥವಾಯಿತು. ಮತ್ತೆ ನೀರನ್ನು ನೋಡಿದಳು, ಈಗ ಬೇರೆ ಥರ, ಕೆಲಸದವಳು ನೋಡುವ ಹಾಗೆ.

"ಹುಣ್ಣಿಮೆ ಭರತ. ಹತ್ತು ಗಂಟೆದು" ಎಂದಳು. "ನೀರು ಸರಿ ಇದೆ ತಮಾ. ಈ ಹೊತ್ತಿಗೆ ಅಲ್ಲಿ ಯಾರೂ ಇರುದಿಲ್ಲ. ನಾ ಮನೇಲಿ ಬಳಚು ಬೇಯ್ಸ್ತಾ ಇರ್ತೆ."

ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. "ಅಮ್ಮಾ, ನೀವು ಇವತ್ತು ಸಂಜೆ ದಿಬ್ಬಕ್ಕೆ ಬನ್ನಿ" ಎಂದು ಅವಳ ಎರಡೂ ಕೈ ಹಿಡಿದುಕೊಂಡ. "ನಿನ್ನೆ ಅಮಾಸೆ, ಇವತ್ತೂ ಇಳಿತ ಇದೆ. ನಾ ಎತ್ಕಂಡು ಹೋಗ್ತೆ. ಸಂಜೆ ಬೆಳಕಲ್ಲೇ ಬರಿತೆ. ಕಣ್ಣಿಗೆ ಹೊಡೆದ್ರೂ ಅಡ್ಡಿಲ್ಲ, ಕಪ್ಪು ಕಂಡ್ರೂ ಅಡ್ಡಿಲ್ಲ, ಬರಿತೆ."

"ಶಿವರಾತ್ರಿದೇ ಕೊನೆ ಅಂತ ಇವಳ ಕೈ ಮೇಲೆ ಕೈ ಇಟ್ಟು ಹೇಳಿದ್ದೆ" ಎಂದಳು ಸಣ್ಣಮ್ಮ. "ಇನ್ನು ನಾ ಇಳಿಯುದಿಲ್ಲ ತಮಾ. ಆ ಹೊಳೆಲಿ ನನ್ನ ಕಂಡವನು ನೀನೇ ಕಡೆ."

ಅವಳು ಅವನ ಕೈ ಬಿಡಿಸಿಕೊಂಡು ಚಿತ್ರಕ್ಕೆ ಇನ್ನೂ ಹತ್ತಿರವಾದಳು. "ನಡೂ ನಿಲ್ಸ್ತೆ ಅಂದಿದ್ದೆ ಅಲ್ದ. ಇಲ್ಲೇ ಏನು?" ಎಂದು ಒಂದು ಬೆರಳನ್ನು ಹೊಳೆಯುವ ನೀಲಿಯ ಮೇಲೆ ಇಟ್ಟಳು. ಮರಳಿನೊಳಗೆ ಬಳಚು ತಡವಿ ತಡವಿ ಸವೆದ ಬೆರಳು. ಅದು ಒಂದು ಕಡೆ ನಿಂತಿತು.

"ಇಲ್ಲಿ ಎಂತದೋ ಉಬ್ಬಿದಂಗೆ ಇದೆ."

"ಅದು ನಿಮ್ಮ ಬುಟ್ಟಿ" ಎಂದ ಲಿಂಗಪ್ಪ.

ಬೆರಳು ಮೆಲ್ಲಗೆ ಮೇಲೆ ಹೋಯಿತು.

"ಇದು?"

"ಕೈ. ಅಲ್ಲಿಂದ ಮೇಲೆ ಹೆಗಲು."

ಹಿಂದಿನಿಂದ ರೆಸಾರ್ಟಿನ ಸಮವಸ್ತ್ರದ ಹುಡುಗಿಯೊಬ್ಬಳು ಓಡಿ ಬಂದಳು. "ಅಮ್ಮಾ, ಚಿತ್ರ ಮುಟ್ಬಾರ್ದು, ದಯವಿಟ್ಟು ಹಿಂದೆ ನಿಲ್ಲಿ" ಎಂದಳು.

ಲಿಂಗಪ್ಪ ಅವಳಿಗೆ ಅಡ್ಡ ಬಂದು ನಿಂತ.

"ಮುಟ್ಲಿ ಬಿಡು ತಂಗಿ" ಎಂದ. "ಅದರಡಿಗೆ ಇರುದು ಅವರೇ."